ಫಿಲಾಸಫಿ ಕ್ಲಾಸ್ ಬಿಟ್ಟ ಐಸಿಯು ನರ್ಸ್: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು, ಆಸ್ಪತ್ರೆ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ, ಇದನ್ನು ಮೊದಲು ಓದಿದವರೂ ಅವರೇ. ಇಲ್ಲಿ ಅವರನ್ನು ರೇಣುಕಾ ಅಂತ ಕರೆಯುತ್ತೇನೆ.

ರೇಣುಕಾಗೆ 29 ವರ್ಷ. ಮಲೆನಾಡಿನ ಕಡೆಯವರು, ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಐದು ವರ್ಷ ಐಸಿಯುನಲ್ಲಿ ದುಡಿದು, ಕೂಡಿಟ್ಟ ದುಡ್ಡಿನಲ್ಲಿ ಎಂ.ಎಸ್ಸಿ. ನರ್ಸಿಂಗ್ ಸೇರಿದವರು. ಕಾಲೇಜಿನಿಂದ ನನ್ನ ಹತ್ತಿರ ಕಳಿಸಿದಾಗ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು. ಥಿಯರಿ ಕ್ಲಾಸಿಗೆ ಬರುತ್ತಿಲ್ಲ, ಪರೀಕ್ಷೆ ಭಯ ಇರಬಹುದು.

ಈ ಕೋರ್ಸ್ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎಂ.ಎಸ್ಸಿ. ನರ್ಸಿಂಗ್ ಮೊದಲ ವರ್ಷದಲ್ಲಿ ‘ಅಡ್ವಾನ್ಸ್ಡ್ ನರ್ಸಿಂಗ್ ಪ್ರಾಕ್ಟೀಸ್’ ಅನ್ನುವ ಪೇಪರ್ ಇದೆ. ಹೆಸರು ಕೇಳಿದರೆ ಹೊಸ ಮೆಷಿನ್, ಹೊಸ ಪ್ರೊಸೀಜರ್ ಕಲಿಸುತ್ತಾರೆ ಅಂತ ಅನ್ನಿಸುತ್ತದೆ ಅಲ್ವಾ? ಆದರೆ ಅದರಲ್ಲಿ ದೊಡ್ಡ ಪಾಲು ನರ್ಸಿಂಗ್ ಥಿಯರಿಗಳು, ನೀತಿ, ಕಾನೂನು. ಜೊತೆಗೆ ‘ನರ್ಸಿಂಗ್ ಎಜುಕೇಶನ್’ ಪೇಪರ್ ಶುರುವಾಗುವುದೇ ಫಿಲಾಸಫಿಯಿಂದ. ಐಡಿಯಲಿಸಂ, ನ್ಯಾಚುರಲಿಸಂ, ಪ್ರಾಗ್ಮಾಟಿಸಂ. ಐದು ವರ್ಷ ವೆಂಟಿಲೇಟರ್ ಅಲಾರಂ ನಡುವೆ ಓಡಾಡಿದವರು ಒಮ್ಮೆಲೇ ಬೆಂಚಿನ ಮೇಲೆ ಕೂತು ‘ಜ್ಞಾನ ಎಂದರೇನು’ ಅಂತ ನೋಟ್ಸ್ ಬರೆಯಬೇಕು. ಇವರ ಕಾಲೇಜಿನವರು ಇದನ್ನು ಚೆನ್ನಾಗಿ ಮಾಡೋಣ ಅಂತ ಪಕ್ಕದ ಡಿಗ್ರಿ ಕಾಲೇಜಿನ ಫಿಲಾಸಫಿ ಮೇಷ್ಟ್ರನ್ನು ಅತಿಥಿ ಉಪನ್ಯಾಸಕ್ಕೆ ಕರೆಸಿದ್ದರು. ಒಳ್ಳೆಯ ಕೆಲಸವೇ.

ಮೊದಲ ದಿನ ರೇಣುಕಾ ಹೇಳಿದ್ದು ಇಷ್ಟು. “ಮೇಡಂ, ನಂಗೆ ಇವೆಲ್ಲ ತಲೆಗೆ ಹತ್ತಲ್ಲ. ಕೈ ಕೆಲಸ ಕೊಡಿ, ಎಷ್ಟು ಬೇಕಾದ್ರೂ ಮಾಡ್ತೀನಿ. ನಾನು ಯೋಚನೆ ಮಾಡೋಳಲ್ಲ.” ನೋಟ್‌ಬುಕ್ ತಂದಿದ್ದರು. ಎಡಗಡೆ ಪುಟದಲ್ಲಿ ಪುಸ್ತಕದ ಇಂಗ್ಲಿಷ್ ಹಾಗೇ ಇಳಿಸಿದ್ದಾರೆ, ಅಕ್ಷರ ಮುತ್ತಿನಂತಿದೆ. ಬಲಗಡೆ, ‘ನನ್ನ ಮಾತಿನಲ್ಲಿ’ ಅಂತ ಮೇಲೆ ಬರೆದು ಬಿಟ್ಟಿದ್ದ ಪುಟ ಪೂರ್ತಿ ಖಾಲಿ. ಹೀಗೆ ಹದಿನೈದು ಇಪ್ಪತ್ತು ಪುಟ.

ಯೋಚನೆ ಮಾಡುವವಳಲ್ಲ ಅನ್ನುವ ಮಾತನ್ನು ನಾನು ನಂಬಲಿಲ್ಲ. ಸುಮ್ನೆ ಕೆಲಸದ ಬಗ್ಗೆ ಕೇಳಿದೆ. ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಗಿದ್ದ ಒಬ್ಬ ಟೈಲರ್ ಬಗ್ಗೆ ಹೇಳಿದರು. ಮೊದಲ ವಾರ ಅವರಿಗೆ ಎಲ್ಲವನ್ನೂ ಇವರೇ ಮಾಡುತ್ತಿದ್ದರು. ಆಮೇಲೆ ಮುಖ ತಾನೇ ಒರೆಸಿಕೊಳ್ಳಲಿ ಅಂತ ಬಟ್ಟೆ ಎಡಗೈಗೆ ಕೊಟ್ಟರು. ವಾರ್ಡಿಗೆ ಹೋಗುವ ಹೊತ್ತಿಗೆ ಶರ್ಟಿನ ಗುಂಡಿ. ಆ ಮನುಷ್ಯ ಒಂದು ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದರೆ ಇವರು ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದರು. ಅವರ ಹೆಂಡತಿ, “ಏನ್ ಸಿಸ್ಟರ್, ನೋಡ್ಕೊಂಡು ನಿಂತಿದ್ದೀರಲ್ಲ” ಅಂತ ಬೈದೇ ಬಿಟ್ಟರು. “ನಾನು ಹಾಕಿದ್ರೆ ಒಂದು ನಿಮಿಷ ಮೇಡಂ. ಆದ್ರೆ ಅವ್ರು ಟೈಲರ್. ಗುಂಡಿನೂ ನಾನೇ ಹಾಕಿದ್ರೆ ಅವ್ರಿಗೆ ಏನು ಉಳೀತು?”

ನರ್ಸಿಂಗ್ ಚಿಂತಕಿ ಡೊರೊಥಿಯಾ ಓರೆಮ್ ಅವರ ಥಿಯರಿಯ ತಿರುಳು ಇದೇ. ರೋಗಿಯ ಕೈಲಿ ಏನೂ ಆಗದಾಗ ಎಲ್ಲವನ್ನೂ ನರ್ಸ್ ಮಾಡುವುದು, ಅರ್ಧ ಆಗುವಾಗ ಅರ್ಧ ಮಾಡುವುದು, ಪೂರ್ತಿ ಆಗುವಾಗ ಬರೀ ಕಲಿಸುತ್ತಾ ಜೊತೆಗಿರುವುದು. ಆ ಎಡಗಡೆ ಪುಟದಲ್ಲಿ ಇದೇ ಓರೆಮ್ ಇದ್ದರು, ಮೂರು ಹಂತ ಸಮೇತ. ತೋರಿಸಿದೆ. ರೇಣುಕಾ ನೋಡಿದರು, ತಲೆ ಆಡಿಸಿದರು, ಆದರೆ ಮುಖ ಅರಳಲಿಲ್ಲ. ಸಮಸ್ಯೆ ಓದಿನದಲ್ಲ ಅಂತ ನನಗೆ ಅನ್ನಿಸಿದ್ದು ಆಗ.

ಯಾವ ದಿನದಿಂದ ಕ್ಲಾಸಿಗೆ ಹೋಗಿಲ್ಲ ಅಂತ ಕೇಳಿದೆ. ಥಟ್ ಅಂತ ಹೇಳಿದರು. ಟ್ರಾಲಿ ಕ್ಲಾಸಿನ ದಿನದಿಂದ.

ಫಿಲಾಸಫಿ ಪ್ರವೇಶ ಪಾಠಗಳಲ್ಲಿ ಇದು ಬಂದೇ ಬರುತ್ತದೆ. ಟ್ರಾಲಿ ಅಂದರೆ ಇಲ್ಲಿ ಹಳಿ ಮೇಲೆ ಓಡುವ ಟ್ರಾಮ್ ಬಂಡಿ. ಬ್ರೇಕ್ ಇಲ್ಲದ ಟ್ರಾಲಿ ಐದು ಜನರ ಮೇಲೆ ಹೋಗುತ್ತಿದೆ. ನೀವು ದಾರಿ ತಿರುಗಿಸಿದರೆ ಇನ್ನೊಂದು ಹಳಿಯ ಮೇಲಿರುವ ಒಬ್ಬರು ಸಾಯುತ್ತಾರೆ. ತಿರುಗಿಸುತ್ತೀರಾ? ಮೇಷ್ಟ್ರು ಕೈ ಎತ್ತಿ ಅಂದರು. ಹುಡುಗಿಯರು ನಗುತ್ತಾ ಕೈ ಎತ್ತಿದರು, ವಾದ ಮಾಡಿದರು. ಯಾರೋ ಹಿಂದೆ ತಿರುಗಿ, “ಅಕ್ಕಾ, ನೀವು ಐಸಿಯು ಅಲ್ವಾ, ನೀವು ಹೇಳಿ” ಅಂದರು. ರೇಣುಕಾ ಎದ್ದು ಹೊರಗೆ ಹೋದವರು ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ.

ಅದರ ಹಿಂದಿದ್ದ ವಿಷಯ ಎರಡನೇ ಭೇಟಿಯಲ್ಲಿ ಬಂತು. ಕೆಲಸ ಬಿಡುವ ಕೆಲವು ತಿಂಗಳ ಹಿಂದೆ, ಶ್ವಾಸಕೋಶದ ಕಾಯಿಲೆಯ ಒಬ್ಬ ಅಜ್ಜ ವಾರಗಟ್ಟಲೆ ವೆಂಟಿಲೇಟರ್ ಮೇಲಿದ್ದರು. ಮನೆಯವರ ದುಡ್ಡು ಮುಗಿದಿತ್ತು. ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದುಕೊಂಡು ಹೋಗುತ್ತೇವೆ ಅಂತ ಬರೆದುಕೊಟ್ಟರು. ಪ್ರಾಣ ಮನೆಯಲ್ಲೇ ಹೋಗಲಿ ಅನ್ನುವುದು ಅವರ ಆಸೆ. ಆಂಬುಲೆನ್ಸಿನಲ್ಲಿ ಊರಿನ ತನಕ ಆಂಬು ಬ್ಯಾಗ್, ಅಂದರೆ ಕೈಯಿಂದ ಒತ್ತಿ ಉಸಿರು ಕೊಡುವ ಚೀಲ, ಒತ್ತುತ್ತಾ ಹೋದದ್ದು ರೇಣುಕಾ. ಎರಡು ಗಂಟೆ. ಘಾಟಿಯ ತಿರುವಿನಲ್ಲೂ ಲಯ ತಪ್ಪಲಿಲ್ಲ. ಅಂಗಳದಲ್ಲಿ ಚಾಪೆ ಹಾಸಿ ಮಲಗಿಸಿದರು. ಬಾಯಿಗೆ ನೀರು ಬಿಟ್ಟರು. ಹಿರಿಮಗ ಇವರ ಕೈ ಮೇಲೆ ಕೈ ಇಟ್ಟು, “ಸಾಕು ಸಿಸ್ಟರ್, ಬಿಟ್ಬಿಡಿ” ಅಂದ. ಬಿಟ್ಟರು.

“ಎಲ್ರೂ ನಂಗೆ ಕೈ ಮುಗಿದ್ರು ಮೇಡಂ. ಕಾಫಿ ಕುಡೀರಿ ಅಂದ್ರು. ವಾಪಸ್ ಬರುವಾಗ ಡ್ರೈವರ್ ಒಂದು ಮಾತೂ ಆಡ್ಲಿಲ್ಲ. ನಾನು ಹಳಿ ತಿರುಗಿಸಿದ್ನಾ ಇಲ್ವಾ, ಹೇಳಿ.”

ನಾನು ಹೇಳಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಕೆಲಸವಲ್ಲ, ಕೊಟ್ಟರೂ ಅವರಿಗೆ ಉಪಯೋಗ ಇರಲಿಲ್ಲ. ನಿದ್ದೆ ಹೇಗಿದೆ, ಊಟ ಹೇಗಿದೆ, ಬದುಕಬಾರದು ಅಂತ ಅನ್ನಿಸುತ್ತದಾ ಅಂತ ನೇರವಾಗಿ ಕೇಳಿದೆ. ಸಾಯುವ ಯೋಚನೆ ಇರಲಿಲ್ಲ. ಆದರೆ ನಿದ್ದೆಯಲ್ಲಿ ಬಲಗೈ ಮುಷ್ಟಿ ಹಿಡಿದು ಬಿಡುತ್ತದೆ, ಬೆಳಿಗ್ಗೆ ಅಂಗೈ ನೋವು ಅಂದರು. ಫೀಸಿಗೆ ಅಂತ ಒಂದು ನರ್ಸಿಂಗ್ ಹೋಮಿನಲ್ಲಿ ನೈಟ್ ಡ್ಯೂಟಿ ಬೇರೆ ಮಾಡುತ್ತಿದ್ದರು. ಹಾಗಾಗಿ ಒಮ್ಮೆ ಮನೋವೈದ್ಯರನ್ನು ನೋಡಿ ಬನ್ನಿ ಅಂತ ಕಳಿಸಿದೆ. ಸದ್ಯಕ್ಕೆ ಔಷಧಿ ಬೇಡ, ಮಾತುಕತೆ ಮುಂದುವರಿಸಿ ಅಂತ ಅವರು ಬರೆದರು.

ಮುಂದಿನ ಸಲ ಅರುಣಾ ಶಾನಭಾಗ್ ಹೆಸರು ಎತ್ತಿದ್ದು ರೇಣುಕಾನೇ. ಹೊನ್ನಾವರದ ಹಳದೀಪುರದವರು, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರಿನಲ್ಲಿ ಆಸ್ಪತ್ರೆಯೊಳಗೇ ಹಲ್ಲೆಗೆ ಒಳಗಾಗಿ ಪ್ರಜ್ಞೆ ಮರಳದೆ ಉಳಿದರು. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವ ತನಕ ಅದೇ ಆಸ್ಪತ್ರೆಯ ನರ್ಸ್‌ಗಳು ಅವರನ್ನು ನೋಡಿಕೊಂಡರು. “ಅವ್ರು ನಲವತ್ತು ವರ್ಷದ ಮೇಲೆ ಬಿಡ್ಲಿಲ್ಲ. ನಾನು ಎರಡು ಗಂಟೆಗೆ ಬಿಟ್ಟೆ.”

ಈ ಹೋಲಿಕೆಯನ್ನು ಹಾಗೇ ಬಿಡಲು ನನಗೆ ಮನಸ್ಸಾಗಲಿಲ್ಲ. ಅರುಣಾ ಅವರು ಅಷ್ಟು ವರ್ಷ ತಾವೇ ಉಸಿರಾಡುತ್ತಿದ್ದರು. ಅವರಿಗೆ ಒಂದು ಹಾಸಿಗೆ ಇತ್ತು, ಬಿಲ್ ಕೇಳದ ಆಸ್ಪತ್ರೆ ಇತ್ತು, ಪಾಳಿ ಬದಲಿಸಲು ನೂರಾರು ಕೈಗಳಿದ್ದವು. ರೇಣುಕಾ ಒಬ್ಬರೇ ಇದ್ದರು, ಅಂಗಳದಲ್ಲಿ. ಅರುಣಾ ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ಶಾಂತವಾಗಿ ಸಾಯಲು ಬಿಡಿ ಅಂತ ಕೇಳಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಳ್ಳಿಹಾಕಿತು. ಅದೇ ತೀರ್ಪಿನಲ್ಲಿ ಬದುಕಿಸಿಟ್ಟಿರುವ ಚಿಕಿತ್ಸೆ ನಿಲ್ಲಿಸಲು ಕಟ್ಟುನಿಟ್ಟಿನ ದಾರಿಯನ್ನೂ ಹೇಳಿತು. 2018ರಲ್ಲಿ ಘನತೆಯ ಸಾವಿನ ಹಕ್ಕನ್ನು ಒಪ್ಪಿತು, 2023ರಲ್ಲಿ ಕ್ರಮವನ್ನು ಸರಳ ಮಾಡಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರಲು ಆದೇಶ ಮಾಡಿದೆ. ಆ ಕ್ರಮದಲ್ಲಿ ಎರಡು ವೈದ್ಯಕೀಯ ಮಂಡಳಿಗಳು ಕೂತು ನೋಡಬೇಕು, ಕುಟುಂಬದ ಒಪ್ಪಿಗೆ ಬೇಕು. ಯಾಕೆ ಇಷ್ಟೆಲ್ಲ? ಈ ಭಾರ ಒಬ್ಬರ ಕೈಯಲ್ಲಿ ಉಳಿಯಬಾರದು ಅಂತ. ದುಡ್ಡಿಲ್ಲದೆ ಬರೆದುಕೊಟ್ಟು ಹೋಗುವವರಿಗೆ ಈ ದಾರಿ ಸಿಗುವುದೇ ಇಲ್ಲ, ಕೊನೆಗೆ ಆ ಭಾರವೆಲ್ಲ ಬ್ಯಾಗ್ ಒತ್ತುವ ಸಿಸ್ಟರ್ ಕೈಗೆ ಬರುತ್ತದೆ. ಇದನ್ನು ಹೇಳುವಾಗ ನನಗೆ ಸಿಟ್ಟು ಬಂದಿತ್ತು, ಮುಚ್ಚಿಡಲಿಲ್ಲ. ನಮ್ಮ ವೃತ್ತಿಯಲ್ಲಿ ಅದು ಯಾವಾಗಲೂ ಸರಿಯಲ್ಲ, ಆದರೆ ಅವತ್ತು ರೇಣುಕಾಗೆ ಅದು ಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

ಇಂಥ ಸಂಕಟಕ್ಕೆ ‘ಮಾರಲ್ ಡಿಸ್ಟ್ರೆಸ್’ ಅಂತ ಹೆಸರಿದೆ. ಏನು ಮಾಡಿದರೆ ಸರಿ ಅಂತ ಒಳಗೆ ಅನ್ನಿಸುತ್ತಿರುತ್ತದೆ, ಆದರೆ ಸುತ್ತಲಿನ ವ್ಯವಸ್ಥೆ ಅದನ್ನು ಮಾಡಲು ಬಿಡುವುದಿಲ್ಲ. 1984ರಲ್ಲಿ ಆ್ಯಂಡ್ರೂ ಜೇಮ್ಟನ್ ಈ ಹೆಸರು ಕೊಟ್ಟರು. ಅವರು ಫಿಲಾಸಫಿಯವರು, ನರ್ಸ್‌ಗಳ ಅನುಭವ ನೋಡಿ ಬರೆದರು. ರೇಣುಕಾಗೆ ಇದು ದೊಡ್ಡ ಸಮಾಧಾನ ಕೊಟ್ಟಿತು. ತನ್ನಂಥವರನ್ನು ಕೇಳಿಯೇ ಫಿಲಾಸಫಿಯವರು ಒಂದು ವಿಷಯ ಕಲಿತಿದ್ದಾರಲ್ಲ ಅಂತ.

ಇನ್ನು ನಾನು ಕೊಟ್ಟ ಸಲಹೆ. ಒಂದೇ ದಿನ ಎಲ್ಲ ಹೇಳಲಿಲ್ಲ.

ಮೊದಲು, ಅವತ್ತಿನದನ್ನು ಅರ್ಥ ಮಾಡಿಕೊಳ್ಳಬಲ್ಲ ಒಬ್ಬರಿಗೆ ಹೇಳಿ ಅಂದೆ. ಮನೆಯವರಿಗೆ ಬೇಡ, ಆ ಐಸಿಯುನ ಇನ್‌ಚಾರ್ಜ್ ಸಿಸ್ಟರ್‌ಗೆ. ರೇಣುಕಾ ಹಿಂದೆಮುಂದೆ ನೋಡಿದರು. ಕೊನೆಗೆ ಫೋನ್ ಮಾಡಿದಾಗ ಅವರು ಹೇಳಿದ್ದು, “ನಾನೂ ಹೋಗಿದ್ದೀನಿ ಕಣೇ ಹಾಗೆ. ಯಾರಿಗೂ ಹೇಳಿಲ್ಲ.” ಇಬ್ಬರೂ ಅತ್ತರಂತೆ. ನನ್ನ ಕೋಣೆಯಲ್ಲಿ ಆದ ಮಾತುಗಳಿಗಿಂತ ಜಾಸ್ತಿ ಕೆಲಸ ಆ ಫೋನ್ ಮಾಡಿತು.

ಎರಡನೆಯದು, ನೈಟ್ ಡ್ಯೂಟಿ ಶನಿವಾರಕ್ಕೆ ಮಾತ್ರ ಇಟ್ಟುಕೊಳ್ಳಿ. ಫೀಸ್ ಕಂತು ಕೇಳಲು ಆಫೀಸಿಗೆ ನಾನೇ ಜೊತೆಗೆ ಹೋದೆ. ನಿದ್ದೆ ಇಲ್ಲದ ತಲೆಗೆ ಕಾಂಟ್‌ನ ಫಿಲಾಸಫಿ ಆಗಲಿ ಸ್ಟ್ಯಾಟಿಸ್ಟಿಕ್ಸ್ ಆಗಲಿ ಹತ್ತುವುದಿಲ್ಲ, ಅದಕ್ಕೆ ಬುದ್ಧಿ ಕಮ್ಮಿ ಅಂತ ಅರ್ಥ ಅಲ್ಲ.

ಓದಿನ ಬಗ್ಗೆ ಹೇಳಿದ್ದು, ಪ್ರತಿ ಥಿಯರಿಗೆ ನಿಮ್ಮದೇ ಒಬ್ಬ ರೋಗಿಯನ್ನು ಹಿಡಿಯಿರಿ. ಬಲಗಡೆ ಪುಟದಲ್ಲಿ ಮೊದಲು ಆ ರೋಗಿಯ ಕಥೆ ಬರೆಯಿರಿ, ಕನ್ನಡದಲ್ಲೇ, ಆಮೇಲೆ ಎಡಗಡೆ ಪುಟ ಓದಿ. ಟೈಲರ್ ಓರೆಮ್‌ಗೆ. ಮಾನಿಟರ್ ಸರಿಯಾಗಿದ್ದರೂ ‘ಏನೋ ಸರಿಯಿಲ್ಲ’ ಅಂತ ಅನ್ನಿಸಿ ಡಾಕ್ಟರನ್ನು ಕರೆದಿದ್ದ ಒಂದು ರಾತ್ರಿ ಇನ್ನೊಬ್ಬ ನರ್ಸಿಂಗ್ ಚಿಂತಕಿ ಪೆಟ್ರೀಷಿಯಾ ಬೆನ್ನರ್‌ಗೆ. ಹೊಸಬರು ನಿಯಮ ನೋಡಿ ಕೆಲಸ ಮಾಡುತ್ತಾರೆ, ಪಳಗಿದವರು ಇಡೀ ಸನ್ನಿವೇಶವನ್ನು ಒಟ್ಟಿಗೆ ಹಿಡಿಯುತ್ತಾರೆ ಅನ್ನುವುದು ಬೆನ್ನರ್ ವಾದ. ಅದಕ್ಕೆ ಬುನಾದಿ ಡ್ರೈಫಸ್ ಸಹೋದರರ ಮಾದರಿ, ಅವರಲ್ಲಿ ಹ್ಯೂಬರ್ಟ್ ಫಿಲಾಸಫಿ ಮೇಷ್ಟ್ರೇ. ಬಾರ್ಬರಾ ಕಾರ್ಪರ್ 1978ರಲ್ಲಿ ನರ್ಸಿಂಗ್ ತಿಳಿವಳಿಕೆಯನ್ನು ನಾಲ್ಕು ಬಗೆಯಾಗಿ ನೋಡಿದರು. ವಿಜ್ಞಾನದ್ದು, ಕೈಯ ಕಲೆಯದ್ದು, ತನ್ನನ್ನು ತಾನು ಅರಿತದ್ದು, ನೀತಿಯದ್ದು. ‘ಕೈ ಕೆಲಸದವಳು’ ಅನ್ನುವವರು ಈ ಎರಡನೆಯದನ್ನು ಮತ್ತೆ ಮತ್ತೆ ಓದಬೇಕು.

ಆಮೇಲೆ ಮೇಷ್ಟ್ರ ವಿಷಯ. ರೇಣುಕಾ ಒಪ್ಪಿದ ಮೇಲೆ, ಕಥೆ ಏನೂ ಹೇಳದೆ, ಆ ಪ್ರಶ್ನೆ ಒಬ್ಬರಿಗೆ ನೋವಾಯಿತು ಅಂತ ಮಾತ್ರ ಅವರಿಗೆ ತಿಳಿಸಿದೆ. ಅವರು ತುಂಬ ಕಳವಳಪಟ್ಟರು. ರೇಣುಕಾಗೆ ಅವರೇ ಬಿಡಿಸಿ ಹೇಳಿದರು. ಫಿಲಾಸಫರ್ ಫಿಲಿಪ್ಪಾ ಫುಟ್ 1967ರಲ್ಲಿ ಈ ಟ್ರಾಲಿಯನ್ನು ತಂದದ್ದು ಗರ್ಭಪಾತದ ಬಗ್ಗೆ ಬರೆಯುತ್ತಾ, ಬೇಕೆಂದು ಮಾಡಿದ್ದಕ್ಕೂ ಗೊತ್ತಿದ್ದೂ ಆಗಗೊಟ್ಟದ್ದಕ್ಕೂ ವ್ಯತ್ಯಾಸ ಇದೆಯಾ ಅಂತ ಕೇಳಲು. ಆಸ್ಪತ್ರೆಗೆ ಹತ್ತಿರದ ಪ್ರಶ್ನೆಯೇ ಅದು, ಕೈ ಎತ್ತಿಸುವ ಆಟವಾದದ್ದು ಆಮೇಲೆ. ಮುಂದಿನ ಕ್ಲಾಸಿನಲ್ಲಿ ಅವರು ಕೈ ಎತ್ತಿಸಲಿಲ್ಲ. ಬರೆಯಲು ಕೊಟ್ಟರು, ಬೇಡದವರು ಖಾಲಿ ಹಾಳೆ ಕೊಡಬಹುದು ಅಂದರು.

ಕಲಿಸುವವರಿಗೆ ನನ್ನದೊಂದು ವಿನಂತಿ. ಎಂ.ಎಸ್ಸಿ. ನರ್ಸಿಂಗ್ ತರಗತಿಯಲ್ಲಿ ಕೂತವರು ಹದಿನೆಂಟು ವರ್ಷದ ಮಕ್ಕಳಲ್ಲ. ವಾರ್ಡಿನಲ್ಲಿ ದುಡಿದು ಬಂದವರು, ಸಾವನ್ನು ಹತ್ತಿರದಿಂದ ಕಂಡವರು. ಸಾವಿನ ಉದಾಹರಣೆ ತರುವ ಮುಂಚೆ ಒಂದು ಮಾತು ಹೇಳಿ, ಎದ್ದು ಹೋಗಲು ಬಾಗಿಲು ತೆರೆದಿಡಿ.

ಅಣ್ಣನದು ಇನ್ನೊಂದು ಒತ್ತಡ ಇತ್ತು. ಇದೆಲ್ಲ ಬಿಟ್ಟು ಜರ್ಮನ್ ಕಲಿತು ಜರ್ಮನಿಗೆ ಹೊರಟುಬಿಡು, ಬಿ2 ಅನ್ನುವ ಭಾಷಾ ಮಟ್ಟ ಆದರೆ ಸಾಕು ಅಂತ. ಹೋಗುವುದು ತಪ್ಪಲ್ಲ, ಎಷ್ಟೋ ಜನ ಹೋಗಿ ಚೆನ್ನಾಗಿದ್ದಾರೆ. ಆದರೆ ಒಂದು ಕ್ಲಾಸ್‌ರೂಮಿನಿಂದ ತಪ್ಪಿಸಿಕೊಳ್ಳಲು ದೇಶ ಬಿಡಬೇಡಿ, ಪರೀಕ್ಷೆ ಮುಗಿಯುವ ತನಕ ಆ ಮಾತು ಬೇಡ ಅಂತ ಅಣ್ಣನಿಗೆ ನೀವೇ ಹೇಳಿ ಅಂದೆ. ಹೇಳಿದರು. ಅಣ್ಣ ಸ್ವಲ್ಪ ಮುನಿಸಿಕೊಂಡಿದ್ದಾನೆ.

ರೇಣುಕಾ ಈಗ ಕ್ಲಾಸಿಗೆ ಹೋಗುತ್ತಿದ್ದಾರೆ. ಟ್ರಾಲಿ ಹಾಳೆಯನ್ನು ಖಾಲಿ ಕೊಟ್ಟರು, ಅದು ಅವರ ಇಷ್ಟ. ಮುಷ್ಟಿ ಹಿಡಿಯುವುದು ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಅಜ್ಜನ ಮನೆಗೆ ಒಮ್ಮೆ ಹೋಗಿ ಬರಬೇಕು ಅನ್ನುತ್ತಿದ್ದಾರೆ, ಅದರ ಬಗ್ಗೆ ಇನ್ನೂ ಮಾತಾಡುತ್ತಿದ್ದೇವೆ. ಇದನ್ನು ಓದುತ್ತಿರುವ ನರ್ಸ್‌ಗಳಲ್ಲಿ ಯಾರಿಗಾದರೂ ಇಂಥದ್ದೇ ಒಂದು ರಾತ್ರಿ ಬಿಟ್ಟುಹೋಗದೆ ಕಾಡುತ್ತಿದ್ದರೆ, ಕಾಲೇಜಿನಲ್ಲೋ ಆಸ್ಪತ್ರೆಯಲ್ಲೋ ಆಪ್ತಸಲಹೆಗಾರರು ಇಲ್ಲದಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನೈಟ್ ಡ್ಯೂಟಿ ಮುಗಿಸಿ ಬಂದ ಹೊತ್ತಿನಲ್ಲೂ ಎತ್ತುತ್ತಾರೆ.