ಕಥೆ ಬಂದೂಕಿನಂಗಡಿಯಲ್ಲಿಲ್ಲ, ಅಡುಗೆಮನೆಯಲ್ಲಿದೆ

ಪ್ರಿಯರೇ,

ಟೆಕ್ಸಾಸ್‌ನಿಂದ ನೀವು ಕಳಿಸಿದ ಕಥೆ ಓದಿದೆ. ಇರಾಕ್ ಯುದ್ಧ ಮುಗಿಸಿ ಬಂದ ಮೈಕ್ ಬಂದೂಕು ಕೊಳ್ಳಲು ಹೋಗುತ್ತಾನೆ. ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ತಪಾಸಣೆ ಮಾಡಿದಾಗ, ಬಂದೂಕು ಕೊಡಬಾರದವರ ಪಟ್ಟಿಯಲ್ಲಿ ಅವನ ಹೆಸರು ಸಿಗುತ್ತದೆ, ಬರಿಗೈಲಿ ವಾಪಸಾಗುತ್ತಾನೆ. ಪಕ್ಕದ ಮನೆಯ ಕನ್ನಡಿಗ ಇದನ್ನೆಲ್ಲ ಹೇಳುತ್ತಾನೆ. ಭಾಷೆ ಚೆನ್ನಾಗಿದೆ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಡಾಕ್ಟರು ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಎಂದು ಬರೆದರು, ಅದಕ್ಕೇ ಮೈಕ್‌ನ ಹಕ್ಕು ಹೋಯಿತು ಎನ್ನುತ್ತೀರಿ. ಹಾಗಲ್ಲ. ಕಾಯಿಲೆ ಇದೆ ಎಂದ ಮಾತ್ರಕ್ಕೆ ಮಾಜಿ ಸೈನಿಕರ ಇಲಾಖೆ ಆ ಪಟ್ಟಿಗೆ ಹೆಸರು ಕಳಿಸುತ್ತಿರಲಿಲ್ಲ. ಈತ ತನಗೆ ಬರುವ ಹಣವನ್ನು ತಾನೇ ನಿಭಾಯಿಸಲಾರ ಎಂದು ಇಲಾಖೆ ತೀರ್ಮಾನಿಸಿದಾಗ ಕಳಿಸುತ್ತಿತ್ತು. ಆ ಹಣ ನೋಡಿಕೊಳ್ಳಲು ಇನ್ನೊಬ್ಬರನ್ನು ನೇಮಿಸುತ್ತಾರೆ. ಎಷ್ಟೋ ಸಲ ಅದು ಹೆಂಡತಿಯೇ. ಇದಕ್ಕೆ ಕೋರ್ಟು ಬೇಕಿರಲಿಲ್ಲ. ಮೊದಲು ಮನೆಗೆ ಒಂದು ಪತ್ರ ಬರುತ್ತದೆ, ಉತ್ತರ ಕೊಡಲು 60 ದಿನ ಇರುತ್ತದೆ.

ಕಥೆ ಇಲ್ಲೇ ಇದೆ ಅಲ್ವಾ? ಬಿಲ್ ಕಟ್ಟಲು ಮರೆಯುವ ಗಂಡ. ಲೆಕ್ಕ ನಾನು ನೋಡಿಕೊಳ್ತೀನಿ ಎನ್ನುವ ಹೆಂಡತಿ. ಆ ಪತ್ರ ಊಟದ ಮೇಜಿನ ಮೇಲೆ. ಮನೆ ನಡೆಯಲಿ ಎಂದು ಅವಳು ಒಪ್ಪಿದ್ದಕ್ಕೆ ಅವನ ಬಂದೂಕು ಹೋಗುತ್ತದೆ. ನಿಮ್ಮ ಕಥೆಯಲ್ಲಿ ಅವಳು ಎರಡು ಸಲ ಕಾಫಿ ತಂದುಕೊಟ್ಟು ಒಳಗೆ ಹೋಗುತ್ತಾಳೆ, ಅಷ್ಟೇ. ಅಮೆರಿಕದಲ್ಲಿ ವರ್ಷಕ್ಕೆ 6 ಸಾವಿರಕ್ಕೂ ಹೆಚ್ಚು ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ, ಬಹುಪಾಲು ಬಂದೂಕಿನಿಂದಲೇ. ಇದು ಅವಳಿಗೆ ಗೊತ್ತಿರುತ್ತದೆ. ಬಂದೂಕು ಹೋಗಿದ್ದಕ್ಕೆ ಅವಳಿಗೆ ಒಳಗೊಳಗೇ ನಿರಾಳವಾಗಿದ್ದರೆ? ಅದನ್ನು ಬರೆಯಿರಿ.

ಇನ್ನು ಸಣ್ಣಪುಟ್ಟವು. ಅಂಗಡಿಯವನು "ನಿನಗೆ ತಲೆ ಸರಿಯಿಲ್ಲವಂತೆ" ಎನ್ನುವಂತಿಲ್ಲ. ಕಾರಣವನ್ನು ಅವನಿಗೆ ಹೇಳುವುದೇ ಇಲ್ಲ. ಕೊಡಬೇಡಿ ಎಂದಷ್ಟೇ ತಿಳಿಸುತ್ತಾರೆ. ಆ ಮೌನ ನಿಮ್ಮ ಡೈಲಾಗಿಗಿಂತ ಜಾಸ್ತಿ ಚುಚ್ಚುತ್ತದೆ. ಆಮೇಲೆ ಮೈಕ್ ಅಜ್ಜನ ರೈಫಲ್ ಹಿಡಿದು ಜಿಂಕೆ ಬೇಟೆಗೆ ಹೋಗುತ್ತಾನೆ! ಹೊಸದು ಕೊಳ್ಳುವುದಷ್ಟೇ ಅಲ್ಲ, ಮನೆಯಲ್ಲಿರುವುದನ್ನೂ ಇಟ್ಟುಕೊಳ್ಳುವಂತಿಲ್ಲ. ಅಜ್ಜನ ರೈಫಲ್ ಯಾರ ಕೈಗೆ ಕೊಡುವುದು ಎಂಬುದೇ ಒಂದು ಅಧ್ಯಾಯವಾಗುತ್ತದೆ.

ಇದು ಯಾವ ವರ್ಷದ ಕಥೆ? ಎಲ್ಲೂ ಹೇಳಿಲ್ಲ. 2024ರ ಮಾರ್ಚ್‌ನಲ್ಲಿ ಸಂಸತ್ತು ಬಜೆಟ್ ಕಾಯ್ದೆಯೊಳಗೇ ಒಂದು ತಡೆ ಹಾಕಿತು. ಈತನಿಂದ ಅಪಾಯವಿದೆ ಎಂದು ನ್ಯಾಯಾಧೀಶರು ಹೇಳದೆ ಇಲಾಖೆ ಹೊಸ ಹೆಸರು ಕಳಿಸುವಂತಿಲ್ಲ. ಹಾಗಾಗಿ ಪತ್ರ ಅದಕ್ಕೆ ಮುಂಚೆಯೇ ಬಂದಿರಬೇಕು.

ಸೈನಿಕರನ್ನೆಲ್ಲ ಪಟ್ಟಿಗೆ ಸೇರಿಸುತ್ತಾರೆ ಎಂದು ಮೈಕ್ ರೇಗುತ್ತಾನೆ. ರೇಗಲಿ. ಆದರೆ ಟೆಕ್ಸಾಸಿನವನಿಗೆ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಮರೆಯುವುದಿಲ್ಲ. 2017ರಲ್ಲಿ ಅಲ್ಲಿನ ಚರ್ಚಿನಲ್ಲಿ ಗುಂಡು ಹಾರಿಸಿದವನು ವಾಯುಪಡೆಯಲ್ಲಿದ್ದವನು. ಹೆಂಡತಿ, ಮಗುವಿಗೆ ಹೊಡೆದು ಸೇನಾ ಕೋರ್ಟಿನಲ್ಲಿ ಶಿಕ್ಷೆಯಾಗಿತ್ತು. ವಾಯುಪಡೆ ಅದನ್ನು ಎಫ್‌ಬಿಐಗೆ ತಿಳಿಸಲೇ ಇಲ್ಲ, ಅವನು ಅಂಗಡಿಯಿಂದಲೇ ಬಂದೂಕು ಕೊಂಡ. ಈ ಮಾತು ಯಾರ ಬಾಯಲ್ಲಾದರೂ ಬರಲಿ. ಹೆಂಡತಿಯ ಬಾಯಲ್ಲಿ ಬಂದರೆ ಇನ್ನೂ ಒಳ್ಳೆಯದು.

ಕೊನೆಯ ಎರಡು ಪುಟ, ಬಂದೂಕಿನ ಹಕ್ಕು ಕೊಡುವ ಸಂವಿಧಾನದ ಎರಡನೇ ತಿದ್ದುಪಡಿಯ ಭಾಷಣ, ಸುಮ್ನೆ ಕಿತ್ತುಹಾಕಿ. ಪಕ್ಕದ ಮನೆಯ ಕನ್ನಡಿಗನೂ ಬೇಡವೇನೋ. ಅವನು ಕಿಟಕಿಯಿಂದ ಇಣುಕುವುದು ಬಿಟ್ಟು ಬೇರೇನೂ ಮಾಡುತ್ತಿಲ್ಲ. ತಿದ್ದಿ ಮತ್ತೆ ಕಳಿಸಿ, ಓದುತ್ತೇನೆ. ಹೆಂಡತಿಗೊಂದು ಹೆಸರಿಡಿ.

ನಿಮ್ಮ,
ಸಂಪಾದಕ