ಪರೀಕ್ಷೆ ಮುಗಿದ ಮೇಲೆ ಉಳಿಯುವ ವಾರ

ಓದುಗರ ಪತ್ರ:

“ಸಂಪಾದಕರೇ, ನಾನು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಾವು ಇಬ್ಬರು ಶಿಕ್ಷಕರು. ಒಂದರಿಂದ ಐದನೇ ತರಗತಿಯವರೆಗೆ 23 ಮಕ್ಕಳು. ಎರಡನೇ ಸಂಕಲನಾತ್ಮಕ ಪರೀಕ್ಷೆ ಮುಗಿದ ಮಾರನೆಯ ದಿನದಿಂದಲೇ ಹಾಜರಿ ಅರ್ಧಕ್ಕೆ ಇಳಿಯುತ್ತದೆ. ‘ಪರೀಕ್ಷೆ ಆಯಿತಲ್ಲ ಮೇಡಂ, ಇನ್ನೇನು ಕಲಿಸುತ್ತೀರಿ?’ ಎಂದು ಪೋಷಕರು ಕೇಳುತ್ತಾರೆ. ಪಟ್ಟಣದ ಶಾಲೆಯೊಂದರ ವಿಡಿಯೊ ನೋಡಿದ ಕೆಲವರು, ಐದನೇ ತರಗತಿ ಮುಗಿಸುವ ನಾಲ್ಕು ಮಕ್ಕಳಿಗೆ ಕಪ್ಪು ಗೌನು, ಟೋಪಿ ಹಾಕಿಸಿ ‘ಗ್ರಾಜುಯೇಷನ್ ಡೇ’ ಮಾಡಿ ಎನ್ನುತ್ತಿದ್ದಾರೆ. ಮೊನ್ನೆ ಆ ನಾಲ್ವರಲ್ಲಿ ಒಬ್ಬಳು, ‘ಮಿಸ್, ರಜೆ ಮುಗಿದ ಮೇಲೆ ನನ್ನ ಜಾಗದಲ್ಲಿ ಯಾರು ಕೂರುತ್ತಾರೆ?’ ಎಂದಳು. ಏನೋ ಹೇಳಿ ತಪ್ಪಿಸಿಕೊಂಡೆ. ಈ ಕೊನೆಯ ವಾರವನ್ನು ಏನು ಮಾಡುವುದು?”

— ಹೆಸರು ಬೇಡವೆಂದು ಕೋರಿರುವ ಶಿಕ್ಷಕಿ

ಸಂಪಾದಕರ ಉತ್ತರ:

ನಮಸ್ಕಾರ ಮೇಡಂ.

ಗೌನಿನ ಮಾತನ್ನು ಮೊದಲು ಮುಗಿಸಿಬಿಡೋಣ. ಬೇಡ. ಏಪ್ರಿಲ್ ಬಿಸಿಲಿನಲ್ಲಿ ಹತ್ತು ವರ್ಷದ ಮಗುವಿಗೆ ಕಪ್ಪು ನಿಲುವಂಗಿ ತೊಡಿಸಿ ನಿಲ್ಲಿಸುವುದಕ್ಕೆ ಸಂಭ್ರಮ ಎನ್ನಬೇಕೋ ಶಿಕ್ಷೆ ಎನ್ನಬೇಕೋ, ನನಗೆ ತಿಳಿಯದು. ಗೌನಿನ ಬಾಡಿಗೆಗೆ ಚಂದಾ ಎತ್ತಲು ಪೋಷಕರು ತಯಾರಿದ್ದರೆ ಆ ದುಡ್ಡಿಗೆ ನಿಮ್ಮ ಸೀಮೆಯ ತೋಟದಿಂದಲೇ ಎರಡು ಬುಟ್ಟಿ ದ್ರಾಕ್ಷಿ ತರಿಸಿ. 23 ಮಕ್ಕಳೂ ಬಾಯಿ, ಕೈ, ಅಂಗಿ ಎಲ್ಲ ನೇರಳೆ ಮಾಡಿಕೊಂಡು ಮನೆಗೆ ಹೋಗಲಿ. ಬೈಗುಳ ನಿಮಗೆ ಬರುತ್ತದೆ, ಸಹಿಸಿಕೊಳ್ಳಿ.

ಹಾಜರಿಯ ವಿಚಾರಕ್ಕೆ ಬರುತ್ತೇನೆ. ನಾನೂ ನಿಮ್ಮ ತಾಲ್ಲೂಕಿನವನೇ, ಹುಳು ಸಾಕುವ ಮನೆಯಲ್ಲಿ ಬೆಳೆದವನು. ನಾಲ್ಕನೇ ಜ್ವರದಿಂದ, ಎಂದರೆ ಪೊರೆ ಕಳಚುವ ನಾಲ್ಕನೇ ನಿದ್ದೆಯಿಂದ ಎದ್ದ ರೇಷ್ಮೆಹುಳು ವಾರದ ಮೇಲೆ ಒಂದೇ ಸಮನೆ ಸೊಪ್ಪು ತಿನ್ನುತ್ತದೆ. ರಾತ್ರಿ ಮಲಗಿದರೆ ಮನೆಯೊಳಗೆ ಸೋನೆ ಮಳೆ ಹಿಡಿದ ಸದ್ದು. ಆಮೇಲೆ ಒಂದು ಬೆಳಗ್ಗೆ ಸದ್ದು ತಗ್ಗುತ್ತದೆ. ಹುಳುವಿನ ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಂತಾಗಿರುತ್ತದೆ. ತಲೆ ಎತ್ತಿ ಅತ್ತಿತ್ತ ಆಡಿಸುತ್ತ ಗೂಡು ಕಟ್ಟಲು ಜಾಗ ಹುಡುಕುತ್ತಿರುತ್ತದೆ. ಹುಳು ಹಣ್ಣಾಯಿತು ಎಂದು ಅವ್ವ ಕೂಗಿದಳೆಂದರೆ ಮುಗಿಯಿತು, ಅಂದು ಅಜ್ಜಿಯಿಂದ ಹಿಡಿದು ಅಂಗನವಾಡಿಗೆ ಹೋಗುವ ಮಗುವಿನವರೆಗೆ ಎಲ್ಲರೂ ಹಣ್ಣುಹುಳು ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ತಟ್ಟೆ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸಿಕ್ಕಸಿಕ್ಕಲ್ಲಿ ನೂಲು ಬಿಡುತ್ತವೆ, ಬೆಳೆ ಕೈತಪ್ಪುತ್ತದೆ. ಅಂಥ ದಿನ ಮಗು ಶಾಲೆಗೆ ಬರಲಿಲ್ಲವೆಂದು ನೋಟು ಪುಸ್ತಕದಲ್ಲಿ ಕೆಂಪು ಶಾಯಿಯ ಸಾಲು ಬರೆದು ಕಳಿಸಿದರೆ ನಗುತ್ತಾರೆ, ಅಷ್ಟೆ.

ಅದಕ್ಕೆ ಪರೀಕ್ಷೆ ನಡೆಯುವಾಗಲೇ ಮಕ್ಕಳನ್ನು ಕೇಳಿಕೊಳ್ಳಿ: ಯಾರ ಮನೆಯ ಹುಳು ಎಷ್ಟನೇ ಜ್ವರದಲ್ಲಿದೆ? ಮಕ್ಕಳಿಗೆ ಅದು ಮಗ್ಗಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆ ಲೆಕ್ಕ ನೋಡಿಕೊಂಡು ಕೊನೆಯ ವಾರದ ಮುಖ್ಯ ಕೆಲಸಕ್ಕೆ ದಿನ ಗೊತ್ತುಮಾಡಿ. ಉಳಿದ ಗೈರುಹಾಜರಿಗೆ ಮಾತ್ರ ಹುಳುವಿನ ಮೇಲೆ ತಪ್ಪು ಹೊರಿಸಲಾಗದು. ಶಾಲೆಯಲ್ಲಿ ಏನೂ ನಡೆಯುತ್ತಿಲ್ಲ ಎಂದು ಊರಿಗೆ ಗೊತ್ತು, ಮಕ್ಕಳಿಗೆ ಅದಕ್ಕಿಂತ ಮೊದಲೇ ಗೊತ್ತು. ಇಬ್ಬರೂ ಶಿಕ್ಷಕರು ಅಂಕ ತುಂಬಿಸುತ್ತ ಕುಳಿತು, ‘ಗಲಾಟೆ ಮಾಡದೆ ಚಿತ್ರ ಬರೆಯಿರಿ’ ಎಂದರೆ ಯಾವ ಮಗು ಬರುತ್ತದೆ? ಬಿಸಿಯೂಟದ ಹೊತ್ತಿಗೆ ಬಂದೀತು.

ಮುಖ್ಯ ಕೆಲಸ ಎಂದೆನಲ್ಲ, ನನ್ನ ಲೆಕ್ಕದಲ್ಲಿ ಅದು ಮಕ್ಕಳನ್ನು ಈ ದಡದಿಂದ ಆ ದಡಕ್ಕೆ ದಾಟಿಸುವುದು.

ಚಿಕ್ಕವರಿಂದ ಶುರುಮಾಡಿ. ನಿಮ್ಮದು ನಲಿ-ಕಲಿ ಕೊಠಡಿ, ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಚಟುವಟಿಕೆಗಳಿಂದ ಕಲಿಯುವ ಜಾಗ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಕೆಲಸವನ್ನೆಲ್ಲ ತೂಗುಹಾಕಿದ ಚಪ್ಪರ ಇರುತ್ತದೆ. ವರ್ಷದ ಕೊನೆಗೆ ಅದನ್ನು ಯಾರೋ ಸಂಜೆ ಹೊತ್ತು ಕಿತ್ತು, ಹಾಳೆಗಳನ್ನು ಅಡುಗೆಮನೆಯ ಒಲೆಗೋ ಮೂಲೆಗೋ ಹಾಕುವುದನ್ನು ಬೇಕಾದಷ್ಟು ಶಾಲೆಗಳಲ್ಲಿ ನೋಡಿದ್ದೇನೆ. ನೀವು ಅದನ್ನು ಮಕ್ಕಳ ಕೈಯಲ್ಲೇ ಇಳಿಸಿರಿ. ಒಂದು ಬೆಳಗ್ಗೆ ಪೂರ್ತಿ ಹೋಗಲಿ. ಪ್ರತಿ ಮಗುವಿನದೂ ಜೂನ್ ತಿಂಗಳ ಒಂದು ಹಾಳೆ, ಮಾರ್ಚ್ ತಿಂಗಳ ಒಂದು ಹಾಳೆ ಹುಡುಕಿ ತೆಗೆದು ನೆಲದ ಮೇಲೆ ಅಕ್ಕಪಕ್ಕ ಇಡಲಿ. ಒಂದನೇ ತರಗತಿಯ ಹುಡುಗನೊಬ್ಬ ಹಾಗೆ ಇಟ್ಟುಕೊಂಡು ಕುಳಿತದ್ದನ್ನು ಒಮ್ಮೆ ನೋಡಿದೆ. ಜೂನ್ ಹಾಳೆಯಲ್ಲಿ ‘ರ’ ಅಕ್ಷರ ಮಗುಚಿ ಬಿದ್ದಿತ್ತು, ಸಾಲು ಗುಡ್ಡ ಹತ್ತಿ ಇಳಿದಿತ್ತು. ಮಾರ್ಚಿನದರಲ್ಲಿ ತಂಗಿಯ ಹೆಸರು, ಅವಳು ಕದ್ದು ತಿಂದ ಬೆಲ್ಲದ ಕಥೆ, ನಾಲ್ಕು ಸಾಲು. ಜೂನ್ ಹಾಳೆಯನ್ನು ತೋರಿಸಿ, ‘ಇದು ಯಾರು ಬರೆದದ್ದು?’ ಎಂದು ನನ್ನನ್ನು ಕೇಳಿದ. ನೀನೇ ಎಂದರೆ ನಂಬಲಿಲ್ಲ. ಹಾಳೆಯ ಹಿಂದೆ ಮೇಡಂ ಬರೆದಿದ್ದ ತನ್ನ ಹೆಸರನ್ನು ತಾನೇ ಓದಿಕೊಂಡ ಮೇಲೆ ಸುಮ್ಮನಾದ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಎರಡು ದೋಣಿಯಲ್ಲಿ ಕಾಲಿಟ್ಟು ಬರುವ ನಿಮ್ಮ ಮಕ್ಕಳು ಒಂದು ವರ್ಷದಲ್ಲಿ ಎಷ್ಟು ದೂರ ಬಂದಿದ್ದಾರೆಂದು ಅಂಕಪಟ್ಟಿಯ ಶ್ರೇಣಿ ಇಷ್ಟು ಚೆನ್ನಾಗಿ ಹೇಳುವುದಿಲ್ಲ. ಫಲಿತಾಂಶದ ದಿನ ‘ಸಮುದಾಯದತ್ತ ಶಾಲೆ’ಗೆ ಪೋಷಕರು ಬರುತ್ತಾರಲ್ಲ, ಆಗ ಆ ಎರಡು ಹಾಳೆಗಳನ್ನು ಅವರ ಕೈಗೆ ಕೊಡಿ. ‘ಇನ್ನೇನು ಕಲಿಸುತ್ತೀರಿ’ ಎಂದವರಿಗೂ ಒಂದು ಜೊತೆ.

ನಲಿ-ಕಲಿಯ ಕಲಿಕೆಯ ಏಣಿಯಲ್ಲಿ ತುದಿ ಮುಟ್ಟದ ಮಗುವಿನ ವಿಷಯದಲ್ಲಿ ನಾಚಿಕೆ ಪಡಬೇಡಿ, ಮಗುವನ್ನೂ ನಾಚಿಸಬೇಡಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರುವಾದದ್ದು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿ. ಚಿಂತಾಮಣಿ ದಾಟಿ ಗಡಿಯಾಚೆ ಹೋದರೆ ಸಿಗುವ ಊರಿನದು ಎಚ್.ಡಿ. ಕೋಟೆಯನ್ನು ಸುತ್ತಿ ನಿಮ್ಮ ಶಾಲೆಗೆ ಬಂದಿದೆ! ಮಗು ನಿಂತ ಮೆಟ್ಟಿಲಿನಿಂದಲೇ ಮುಂದೆ ಹತ್ತುತ್ತದೆ ಎಂಬುದೇ ಅದರ ಜೀವ. ಹಾಗಾಗಿ ಯಾವ ಮಗು ಯಾವ ಮೈಲಿಗಲ್ಲಿನಲ್ಲಿ ನಿಂತಿದೆ ಎಂದು ಕೊನೆಯ ವಾರ ಒಂದು ಹಾಳೆಯಲ್ಲಿ ನೇರವಾಗಿ ಬರೆದಿಡಿ. ಮೇ ತಿಂಗಳಲ್ಲಿ ನಿಮಗೇ ವರ್ಗಾವಣೆಯಾಗಬಹುದು. ಹೊಸಬರು ಆ ಹಾಳೆ ಇಲ್ಲದಿದ್ದರೆ ಎಲ್ಲರಿಗೂ ಮೊದಲ ಮೆಟ್ಟಿಲಿನಿಂದ ಪಾಠ ಶುರುಮಾಡುತ್ತಾರೆ.

ಈಗ ಆ ನಾಲ್ವರು. ಈಚಿನ ವರ್ಷಗಳ ವೇಳಾಪಟ್ಟಿಯಂತೆ ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ, ಎಣಿಸಿದರೆ ಸರಿಯಾಗಿ 48 ದಿನ, ಒಂದು ಮಂಡಲ. ಉಳಿದ ಮಕ್ಕಳು ಮಂಡಲ ಮುಗಿಸಿ ಇದೇ ಬಾಗಿಲಿಗೆ ಬರುತ್ತಾರೆ. ಐದನೆಯದು ಮುಗಿಸಿದವರು ಮಾತ್ರ ಬೇರೆ ಊರಿನ ಹಿರಿಯ ಪ್ರಾಥಮಿಕ ಶಾಲೆಯ ಬಾಗಿಲು ಹುಡುಕಬೇಕು. ಶಿಕ್ಷಣ ಹಕ್ಕಿನ ನಿಯಮದ ಲೆಕ್ಕಕ್ಕೆ ಅದು 3 ಕಿಲೋಮೀಟರ್ ಒಳಗಿರಬೇಕು. ಆದರೆ ನಡುವೆ ಕೆರೆ ಏರಿ, ನಾಯಿ, ದೊಡ್ಡ ರಸ್ತೆ, ಗುರುತಿಲ್ಲದ ಮೇಷ್ಟ್ರು.

ನನ್ನ ಕಾಲದಲ್ಲಿ ನಮ್ಮೂರ ಶಾಲೆ ನಾಲ್ಕನೆಯದಕ್ಕೇ ಮುಗಿಯುತ್ತಿತ್ತು. ನಾವು ಐವರು ಹುಡುಗರು. ಕೊನೆಯ ದಿನ ಬೆಲ್ಲದ ಪಾನಕ ಕುಡಿದು, ಸ್ಲೇಟು ಬಡಿದುಕೊಂಡು ಓಡಿದೆವು. ಜೂನ್‌ನಲ್ಲಿ ಮಿಡ್ಲ್ ಸ್ಕೂಲಿಗೆ ಹೊರಟಾಗ ನಾಲ್ವರಿದ್ದೆವು. ಐದನೆಯವನು ರಜೆಯಲ್ಲಿ ನೂಲು ತೆಗೆಯುವ ಮನೆಯೊಂದಕ್ಕೆ ಚರಕ ತಿರುಗಿಸಲು ಹೋಗಿದ್ದ. ದಿನಗೂಲಿ ಕೈಗೆ ಹತ್ತಿತು. ನಮ್ಮಲ್ಲಿ ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಬಹಳ ವರ್ಷಗಳ ಮೇಲೆ ಮೇಷ್ಟ್ರು ಸಿಕ್ಕಾಗ ಹೇಳಿದರು, ಅವನ ಟಿ.ಸಿ. ತಾವು ನಿವೃತ್ತರಾಗುವವರೆಗೂ ಬೀರುವಿನಲ್ಲೇ ಇತ್ತಂತೆ. ಯಾರೂ ಕೇಳಿಕೊಂಡು ಬರಲಿಲ್ಲ, ತಾವೂ ಹೋಗಿ ಕೊಡಲಿಲ್ಲ ಎಂದರು. ಎರಡನೆಯ ಮಾತನ್ನು ಹೇಳುವಾಗ ಅವರ ದನಿ ಇಳಿದಿತ್ತು.

ಅದಕ್ಕೇ ನಿಮಗೆ ಹೇಳುವುದು, ಕೊನೆಯ ವಾರದಲ್ಲಿ ಒಂದು ದಿನ ಆ ನಾಲ್ವರನ್ನು ಕರೆದುಕೊಂಡು ಮುಂದಿನ ಶಾಲೆಗೆ ನಡೆದುಕೊಂಡೇ ಹೋಗಿ. ಇಬ್ಬರು ತಾಯಂದಿರನ್ನೂ ಜೊತೆಗೆ ಹೊರಡಿಸಿ. ಬೆಳಗಿನ ತಂಪು ಹೊತ್ತಿನಲ್ಲಿ ಹೋಗಿ, ಅಲ್ಲಿನ ಮುಖ್ಯ ಶಿಕ್ಷಕರಿಗೆ ಮಕ್ಕಳ ಹೆಸರು ಹೇಳಿಸಿ. ಆರನೇ ತರಗತಿಯ ಕೊಠಡಿ, ನೀರಿನ ನಲ್ಲಿ, ಹೆಣ್ಣುಮಕ್ಕಳ ಶೌಚಾಲಯ ತೋರಿಸಿ. ಕೊನೆಯದನ್ನು ಖಂಡಿತ ತೋರಿಸಿ. ಅದರ ಬಾಗಿಲಿಗೆ ಚಿಲಕವಿದೆಯೇ ಎಂದು ನೀವೇ ನೋಡಿ. ಟಿ.ಸಿ.ಗೆ ಯಾರೂ ಅರ್ಜಿ ಹಿಡಿದು ಬರುವವರೆಗೆ ಕಾಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಕಲಮು, ಕೇಳಿದ ಕೂಡಲೇ ಟಿ.ಸಿ. ಕೊಡಬೇಕು ಎನ್ನುತ್ತದೆ, ಟಿ.ಸಿ. ತಡವಾಯಿತೆಂದು ಮುಂದಿನ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದೂ ಹೇಳುತ್ತದೆ. ಈ ಎರಡನೆಯ ಮಾತು ಪೋಷಕರಿಗೆ ಗೊತ್ತಿರುವುದಿಲ್ಲ. ತಿಳಿಸಿ.

ಓದುವ ಛಲವಿದ್ದ ಮಗು ಹೇಗಾದರೂ ಹೋಗುತ್ತದೆ ಎಂದು ನಿಮ್ಮ ಸಹೋದ್ಯೋಗಿಗಳು ಹೇಳಬಹುದು. ನಮ್ಮ ಜಿಲ್ಲೆಯಲ್ಲಿ ಈ ಮಾತು ಬಂದಾಗಲೆಲ್ಲ ಗೌರಿಬಿದನೂರಿನ ಬಳಿಯ ಹೊಸೂರಿನ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರ ಹೆಸರು ಬರುತ್ತದೆ. 1935ರಲ್ಲಿ ಹೈಸ್ಕೂಲು ಸೇರಲು ಅವರು ಬೆಂಗಳೂರಿಗೆ ನಡೆದೇ ಹೋದದ್ದು ನಿಜ. ಆದರೆ ಹಾಗೆ ನಡೆದವರೇ ದೊಡ್ಡವರಾದ ಮೇಲೆ ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜು ತೆರೆಸಿದರು. ಉಳಿದವರೂ ನಡೆಯಲಿ ಎಂದುಕೊಂಡಿದ್ದರೆ ತೆರೆಸುತ್ತಿದ್ದರೇ?

ಕೊನೆಗೆ ಆ ಹುಡುಗಿಯ ಪ್ರಶ್ನೆ. ನೀವು ತಪ್ಪಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ, ನಾನಾದರೂ ತಪ್ಪಿಸಿಕೊಳ್ಳುತ್ತಿದ್ದೆ. ಈಗ ಕುಳಿತು ಯೋಚಿಸಿದರೆ, ಉತ್ತರವನ್ನು ಅವಳಿಗೇ ಬಿಡಬಹುದಿತ್ತು ಅನಿಸುತ್ತದೆ. ಆ ಜಾಗದಲ್ಲಿ ಕೂರುವವರನ್ನು ನಾಲ್ಕನೇ ತರಗತಿಯಿಂದ ಅವಳೇ ಆರಿಸಲಿ. ಶಾಲೆಯಲ್ಲಿ ಅವಳ ಪಾಲಿಗೆ ಒಂದು ಕೆಲಸ ಇದ್ದೇ ಇರುತ್ತದೆ: ಗಂಟೆ ಹೊಡೆಯುವುದೋ, ಹಲಗೆಯ ಮೇಲೆ ತಾರೀಖು ಬರೆಯುವುದೋ, ಕರಿಬೇವಿನ ಗಿಡಕ್ಕೆ ನೀರು ಹಾಕುವುದೋ. ಅದನ್ನು ಹೊಸಬಳಿಗೆ ಮೂರು ದಿನ ಕಲಿಸಿಕೊಡಲಿ. ಮೊದಲ ದಿನ ಇವಳು ಮಾಡಿ ತೋರಿಸಲಿ, ಎರಡನೆಯ ದಿನ ಇಬ್ಬರೂ ಮಾಡಲಿ, ಮೂರನೆಯ ದಿನ ಇವಳು ಕೈಕಟ್ಟಿ ನೋಡಲಿ. ಆ ಮೂರನೆಯ ದಿನ ಅವಳು ಅಳಬಹುದು. ಅಳಲಿ, ದ್ರಾಕ್ಷಿ ಬುಟ್ಟಿಯನ್ನು ಅಂದೇ ತರಿಸಿ.

ಮೇ 29 ಆದ ಒಂದು ವಾರಕ್ಕೆ ನಮಗೊಂದು ಕಾರ್ಡು ಹಾಕಿ. ಉದ್ದದ ಪತ್ರ ಬೇಡ. ನಾಲ್ವರಲ್ಲಿ ಎಷ್ಟು ಮಂದಿ ಆರನೇ ತರಗತಿಯಲ್ಲಿ ಕುಳಿತಿದ್ದಾರೆ ಎಂಬುದಷ್ಟೇ ಸಾಕು.

— ಸಂಪಾದಕ