ಮಣಿಕಟ್ಟಿನ ದಿಕ್ಸೂಚಿ: ಯಾವುದನ್ನು ಕೊಳ್ಳಬೇಕು, ಎಷ್ಟು ನಂಬಬೇಕು?

ಕೈಗೆ ಕಟ್ಟಿಕೊಳ್ಳುವ ದಿಕ್ಸೂಚಿಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಚಾರಣಕ್ಕೂ ಗೊತ್ತಿಲ್ಲದ ಊರಲ್ಲಿ ಓಡಾಡುವುದಕ್ಕೂ ಒಂದೇ ದಿಕ್ಸೂಚಿ ಸಾಕೆಂದುಕೊಂಡಿದ್ದೇನೆ. ವಾಚಿನ ಪಟ್ಟಿಗೆ ಸಿಕ್ಕಿಸುವ ಪುಟ್ಟದ್ದು, ಸ್ವಂತ ಪಟ್ಟಿಯಿರುವುದು, ಡೈವಿಂಗ್‌ನವರ ದಪ್ಪನೆಯದು, ವಾಚಿನೊಳಗೇ ಇರುವ ಡಿಜಿಟಲ್: ಯಾವುದನ್ನು ಕೊಳ್ಳಲಿ?

ಉತ್ತರ: ಮಣಿಕಟ್ಟಿನ ದಿಕ್ಸೂಚಿ ಇರುವುದು ಹಿಡಿದ ದಿಕ್ಕು ತಪ್ಪದಂತೆ ನೋಡಿಕೊಳ್ಳಲು. ನಕ್ಷೆಯ ಮೇಲೆ ಕೋನ ಅಳೆಯುವುದು ಅದರ ಕೆಲಸವಲ್ಲ. ಅದಕ್ಕೆ ಪಾರದರ್ಶಕ ತಳಹಲಗೆಯಿರುವ ದಿಕ್ಸೂಚಿಯೇ ಬೇಕು. ಜೇಬಿನಲ್ಲಿರುವುದನ್ನು ನಾವು ತೆಗೆದು ನೋಡುವುದು ಅಪರೂಪ, ಕೈಯಲ್ಲಿರುವುದರ ಮೇಲೆ ಮತ್ತೆ ಮತ್ತೆ ಕಣ್ಣು ಹಾಯುತ್ತದೆ. ಆದ್ದರಿಂದ ಒಂದು ಕ್ಷಣದ ನೋಟದಲ್ಲೇ ಓದಲಾಗುತ್ತದೆಯೇ ಎಂಬುದನ್ನೇ ಮೊದಲ ಅಳತೆಗೋಲಾಗಿ ಇಟ್ಟುಕೊಳ್ಳಿ.

ಪಟ್ಟಿಗೆ ಸಿಕ್ಕಿಸುವ ಗುಂಡಿಯಷ್ಟು ಚಿಕ್ಕದರಲ್ಲಿ ಎಂಟು ದಿಕ್ಕುಗಳೋ, 30 ಡಿಗ್ರಿಗೊಂದು ಗೀಟೋ ಇರುತ್ತದೆ. ಊರಿನ ಓಡಾಟಕ್ಕೆ ಅಷ್ಟು ಸಾಕು. ಕಾಡು, ಬಯಲು, ಮಂಜು ಎಂದರೆ 5 ಡಿಗ್ರಿಗೊಂದು ಗೀಟು, ಸುತ್ತ ತಿರುಗುವ ಬೆಜೆಲ್ (ಗಾಜಿನ ಸುತ್ತಲಿನ ಬಳೆ), ಗಾಜಿನ ಮೇಲೆ ಎದ್ದು ಕಾಣುವ ದಿಕ್ಕಿನ ಗೆರೆ ಮೂರೂ ಬೇಕು. ದಿಕ್ಕು 5 ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ ಸುಮಾರು 87 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. 10 ಡಿಗ್ರಿಯಾದರೆ 175 ಮೀಟರ್. 30 ಡಿಗ್ರಿಯ ಗೀಟುಗಳ ನಡುವೆ ಕಣ್ಣಂದಾಜಿನಲ್ಲಿ ಓದಿದರೆ ಏನಾಗಬಹುದೆಂದು ಇದರಿಂದಲೇ ಊಹಿಸಿಕೊಳ್ಳಬಹುದು.

ಡೈವಿಂಗ್ ದಿಕ್ಸೂಚಿಯನ್ನು ನೆಲದ ಮೇಲಿನವರು ಪರಿಗಣಿಸುವುದೇ ಇಲ್ಲ. ನಮ್ಮ ಮಟ್ಟಿಗೆ ಅದು ಒಳ್ಳೆಯ ಆಯ್ಕೆ. ದಪ್ಪ ಹೌದು, ತೋಳಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ ಹೌದು. ಆದರೆ ಅಂಕಿ ದೊಡ್ಡದು, ಕೈ ಸಾಕಷ್ಟು ಓರೆಯಾದರೂ ಒಳಗಿನ ತಟ್ಟೆ ಅಂಟಿಕೊಳ್ಳುವುದಿಲ್ಲ, ಕೆಲವದರಲ್ಲಿ ಪಕ್ಕದ ಕಿಂಡಿಯಿಂದಲೂ ಓದಬಹುದು.

ಡಿಜಿಟಲ್ ವಾಚಿನಲ್ಲಿ ಸಂಖ್ಯೆ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಆ ಸಂಖ್ಯೆ ಕ್ಯಾಲಿಬ್ರೇಷನ್‌ನಷ್ಟೇ (ವಾಚಿನ ದಿಕ್ಸೂಚಿಯನ್ನು ಸರಿಹೊಂದಿಸುವುದು) ಸರಿ. ಬ್ಯಾಟರಿ ಬದಲಿಸಿದ ಮೇಲೆ, ಬಲವಾದ ಅಯಸ್ಕಾಂತದ ಹತ್ತಿರ ಇಟ್ಟ ಮೇಲೆ ಮರೆಯದೆ ಕ್ಯಾಲಿಬ್ರೇಟ್ ಮಾಡಿ. ಅದನ್ನು ಮನೆಯೊಳಗೆ, ಕಬ್ಬಿಣದ ಮೇಜಿನ ಪಕ್ಕ ಮಾಡಿದರೆ ಅಲ್ಲಿನ ತಪ್ಪನ್ನೇ ವಾಚಿಗೆ ಕಲಿಸಿದಂತಾಗುತ್ತದೆ. ಬಯಲಿಗೆ ಬಂದು ಮಾಡಿ. ಕಾಡಿಗೆ ಹೋಗುವವರು ಇದರ ಜೊತೆ ಬ್ಯಾಟರಿಯಿಲ್ಲದ ದಿಕ್ಸೂಚಿಯನ್ನೂ ಇಟ್ಟುಕೊಳ್ಳಲೇಬೇಕು.

ರಾತ್ರಿ ಬಳಸುವವರಿಗೆ ಇನ್ನೊಂದು ವಿಷಯ. ಬೆಳಕು ಹೀರಿ ಹೊಳೆಯುವ ಬಣ್ಣ ಕೆಲವು ಗಂಟೆಗಳಲ್ಲಿ ಮಂಕಾಗುತ್ತದೆ, ಮತ್ತೆ ಟಾರ್ಚ್ ಹಿಡಿಯಬೇಕು. ಟ್ರಿಟಿಯಂ (ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್) ತುಂಬಿದ ಕೊಳವೆಗಳು ತಾವಾಗಿಯೇ ಬೆಳಗುತ್ತವೆ. ಟ್ರಿಟಿಯಂನ ಅರ್ಧಾಯು 12.3 ವರ್ಷ, ಅಂದರೆ ಅಷ್ಟು ಕಾಲದಲ್ಲಿ ಹೊಳಪು ಸುಮಾರು ಅರ್ಧಕ್ಕಿಳಿಯುತ್ತದೆ.

ಪ್ರಶ್ನೆ: ಕೊಳ್ಳುವಾಗ ಒಳ್ಳೆಯದೋ ಕೆಟ್ಟದ್ದೋ ಎಂದು ಪರೀಕ್ಷಿಸುವುದು ಹೇಗೆ?

ಉತ್ತರ: ಅಂಗಡಿಯಲ್ಲಿ ಒಂದರ ಪಕ್ಕ ಒಂದು ಜೋಡಿಸಿಟ್ಟ ದಿಕ್ಸೂಚಿಗಳು ಒಂದನ್ನೊಂದು ಎಳೆಯುತ್ತಿರುತ್ತವೆ. ಬೇಕಾದದ್ದನ್ನು ಎತ್ತಿಕೊಂಡು ಅರ್ಧ ಮೀಟರ್‌ಗಿಂತ ದೂರ, ಕಬ್ಬಿಣವಿಲ್ಲದ ಜಾಗದಲ್ಲಿ ಮಟ್ಟವಾಗಿಡಿ. ಮುಳ್ಳು ನಿಂತ ಕಡೆ ಗುರುತು ಮಾಡಿಕೊಳ್ಳಿ. ಒಂದು ಕಬ್ಬಿಣದ ಬೀಗದ ಕೈ ಹತ್ತಿರ ತಂದು ಮುಳ್ಳನ್ನು ಬಲಕ್ಕೆ ಒಂದಷ್ಟು ಎಳೆದು, ಬೀಗದ ಕೈಯನ್ನು ತಟ್ಟನೆ ದೂರ ಒಯ್ಯಿರಿ. ಮುಳ್ಳು ಕೆಲವೇ ಸೆಕೆಂಡುಗಳಲ್ಲಿ ಮೊದಲಿನ ಗುರುತಿಗೇ ಬಂದು ನಿಲ್ಲಬೇಕು. ಎಡಕ್ಕೂ ಹಾಗೇ ಮಾಡಿ. ಬಲದಿಂದ ಬಂದಾಗ ಒಂದು ಕಡೆ, ಎಡದಿಂದ ಬಂದಾಗ ಇನ್ನೊಂದು ಕಡೆ ನಿಂತರೆ ಒಳಗಿನ ಮೊನೆಯಲ್ಲಿ ಘರ್ಷಣೆ ಇದೆಯೆಂದು ಅರ್ಥ. ಅದನ್ನು ಬಿಟ್ಟುಬಿಡಿ, ಬಳಸುತ್ತಾ ಸರಿಹೋಗುವ ದೋಷ ಅದಲ್ಲ.

ಬೆಜೆಲ್ ತಿರುಗಿಸಿ ನೋಡಿ. ತೋಳು ಉಜ್ಜಿದ ಮಾತ್ರಕ್ಕೆ ಜಾರುವಷ್ಟು ಸಡಿಲವಾಗಿದ್ದರೆ ಇಟ್ಟ ದಿಕ್ಕು ನಿಮಗೆ ತಿಳಿಯದಂತೆಯೇ ಬದಲಾಗುತ್ತದೆ. ಪಟ್ಟಿಯ ಬಕಲನ್ನು ಕ್ಯಾಪ್ಸೂಲಿನ (ಮುಳ್ಳಿರುವ, ದ್ರವ ತುಂಬಿದ ಡಬ್ಬಿ) ಸುತ್ತ ಒಂದು ಸುತ್ತು ತಂದು ನೋಡಿ. ಮುಳ್ಳು ಅಲುಗಿದರೆ ಬಕಲ್ ಕಬ್ಬಿಣದ್ದು.

ಆನ್‌ಲೈನಿನಲ್ಲಿ ಬೇರೆ ದೇಶದಿಂದ ತರಿಸುವವರು ಯಾವ ವಲಯಕ್ಕೆ ತೂಗಿಸಿದ ಮುಳ್ಳು ಎಂದು ಕೇಳಿ. ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವುದು ಕಾಂತೀಯ ಸಮಭಾಜಕದ ಬಳಿ ಮಾತ್ರ. ಅಲ್ಲಿಂದ ಉತ್ತರಕ್ಕೆ ಹೋದಂತೆ ಮುಳ್ಳಿನ ಉತ್ತರದ ತುದಿ ಕೆಳಕ್ಕೆ ಎಳೆಯಲ್ಪಡುತ್ತದೆ, ದಕ್ಷಿಣಕ್ಕೆ ಹೋದಂತೆ ದಕ್ಷಿಣದ ತುದಿ. ತಯಾರಕರು ಅದಕ್ಕೆ ತಕ್ಕಂತೆ ಇನ್ನೊಂದು ತುದಿಗೆ ಭಾರ ಕೊಟ್ಟಿರುತ್ತಾರೆ. ಒಂದು ಗೋಳಾರ್ಧದ ಮುಳ್ಳು ಇನ್ನೊಂದರಲ್ಲಿ ಓರೆಯಾಗಿ ತಳಕ್ಕೋ ಗಾಜಿಗೋ ಉಜ್ಜುತ್ತದೆ. ಎರಡೂ ಕಡೆ ತಿರುಗಾಡುವವರಿಗೆ ಗ್ಲೋಬಲ್ ನೀಡಲ್ ಎಂದು ಮಾರುವ ಬಗೆ ಇದೆ.

ಪ್ರಶ್ನೆ: ಕ್ಲಿಪ್ ದಿಕ್ಸೂಚಿಯನ್ನು ಕ್ವಾರ್ಟ್ಜ್ ವಾಚಿನ ಪಟ್ಟಿಗೆ ಸಿಕ್ಕಿಸಿದ್ದೇನೆ. ಉತ್ತರಕ್ಕೆ ಮುಖ ಮಾಡಿದಾಗ ಸರಿ ತೋರಿಸುತ್ತದೆ, ಪೂರ್ವಕ್ಕೆ ತಿರುಗಿದರೆ ತಪ್ಪು. ದಿಕ್ಸೂಚಿ ಕೆಟ್ಟಿದೆಯೇ?

ಉತ್ತರ: ದಿಕ್ಸೂಚಿ ಚೆನ್ನಾಗಿಯೇ ಇರಬಹುದು, ತೊಂದರೆ ಕೊಡುತ್ತಿರುವುದು ವಾಚು. ಮುಳ್ಳಿರುವ ಕ್ವಾರ್ಟ್ಜ್ ವಾಚಿನೊಳಗಿನ ಪುಟ್ಟ ಮೋಟಾರಿನಲ್ಲಿ ಅಯಸ್ಕಾಂತವಿದೆ. ಕೇಸು ಉಕ್ಕಿನದಾದರೆ ಅದೂ ಸೇರಿಕೊಳ್ಳಬಹುದು. ನೀವು ತಿರುಗಿದಾಗ ವಾಚೂ ದಿಕ್ಸೂಚಿಯ ಜೊತೆಗೇ ತಿರುಗುತ್ತದೆ, ಭೂಮಿಯ ಕ್ಷೇತ್ರ ಮಾತ್ರ ಇದ್ದಲ್ಲೇ ಇರುತ್ತದೆ. ವಾಚಿನ ಸೆಳೆತ ಭೂಮಿಯ ಸೆಳೆತದ ನೇರಕ್ಕೇ ಬಿದ್ದಾಗ ಮುಳ್ಳು ಪಕ್ಕಕ್ಕೆ ಸರಿಯುವುದಿಲ್ಲ, ಅಡ್ಡ ಬಿದ್ದಾಗ ಹೆಚ್ಚು ಸರಿಯುತ್ತದೆ. ಆದ್ದರಿಂದ ‘ಯಾವಾಗಲೂ ಇಷ್ಟು ಡಿಗ್ರಿ ಕಳೆದರಾಯಿತು’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮನೆಯಲ್ಲೇ ಪರೀಕ್ಷಿಸಬಹುದು. ಮರದ ಮೇಜಿನ ಮೇಲೆ ಕಾಗದ ಅಂಟಿಸಿ, ದಿಕ್ಸೂಚಿಯೊಂದನ್ನೇ ಅದರ ಮೇಲಿಟ್ಟು ಉತ್ತರ–ದಕ್ಷಿಣ ಗೆರೆ ಎಳೆಯಿರಿ, ಅದಕ್ಕೆ ಲಂಬವಾಗಿ ಪೂರ್ವ–ಪಶ್ಚಿಮ ಗೆರೆ. ಈಗ ದಿಕ್ಸೂಚಿಯನ್ನು ವಾಚಿನ ಪಟ್ಟಿಗೆ ಸಿಕ್ಕಿಸಿ, ಗೆರೆಗಳು ಕೂಡುವಲ್ಲೇ ಇಟ್ಟು ನಾಲ್ಕೂ ದಿಕ್ಕಿಗೆ ತಿರುಗಿಸಿ ಓದಿ. 0, 90, 180, 270 ಬರಬೇಕು. ಎಲ್ಲ ದಿಕ್ಕಿನಲ್ಲೂ ಒಂದೇ ಅಳತೆಯ ತಪ್ಪಿದ್ದರೆ ಗೆರೆ ಸರಿಯಾಗಿ ಎಳೆದಿಲ್ಲ. ಒಂದು ದಿಕ್ಕಿನಲ್ಲಿ ಹೆಚ್ಚು, ಎದುರು ದಿಕ್ಕಿನಲ್ಲಿ ಅಷ್ಟೇ ಕಡಿಮೆ ಬಂದರೆ ಅದು ವಾಚಿನ ಕೆಲಸ.

ಪರಿಹಾರ ಸುಲಭ: ವಾಚು ಒಂದು ಕೈಗೆ, ದಿಕ್ಸೂಚಿ ಇನ್ನೊಂದು ಕೈಗೆ. ಓದುವಾಗ ಎರಡೂ ಕೈ ಹತ್ತಿರ ತರಬೇಡಿ. ಎಷ್ಟು ದೂರ ಸಾಕೆಂದು ತಿಳಿಯಲು, ಮೇಜಿನ ಮೇಲಿನ ದಿಕ್ಸೂಚಿಯತ್ತ ವಾಚನ್ನು ಪೂರ್ವದ ಕಡೆಯಿಂದ ನಿಧಾನವಾಗಿ, ಅತ್ತಿತ್ತ ತಿರುಗಿಸುತ್ತಾ ತನ್ನಿ. ಮುಳ್ಳು ಅಲುಗಲು ಶುರುವಾದ ದೂರದ ಎರಡರಷ್ಟು ಇಟ್ಟುಕೊಂಡರೆ ಚಿಂತೆಯಿಲ್ಲ. ಇಂಥ ಸಣ್ಣ ಅಯಸ್ಕಾಂತದಿಂದ ದೂರ ಎರಡರಷ್ಟಾದರೆ ಅದರ ಪರಿಣಾಮ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೊಬೈಲ್, ಅಯಸ್ಕಾಂತದ ಮುಚ್ಚಳವಿರುವ ಕವರ್, ಇಯರ್‌ಫೋನ್ ಡಬ್ಬಿ ಎಲ್ಲವನ್ನೂ ಹೀಗೇ ಪರೀಕ್ಷಿಸಿ.

ದೊಡ್ಡ ವಸ್ತುಗಳ ವಿಷಯದಲ್ಲಿ ಅಮೆರಿಕ ಸೇನೆಯ ನಕ್ಷೆ ಓದುವ ಕೈಪಿಡಿ ಕೊಡುವ ಅಂತರಗಳು ಉಪಯುಕ್ತ: ಹೈಟೆನ್ಷನ್ ವಿದ್ಯುತ್ ತಂತಿಯಿಂದ 55 ಮೀಟರ್, ಟ್ರಕ್ಕಿನಿಂದ 18 ಮೀಟರ್, ಮುಳ್ಳುತಂತಿ ಬೇಲಿಯಿಂದ 10 ಮೀಟರ್.

ಪ್ರಶ್ನೆ: ಕೈಯನ್ನು ಹೇಗೆ ಹಿಡಿದು ಓದಬೇಕು? ಪ್ರತಿ ಸಲವೂ ಬೇರೆ ಬೇರೆ ಸಂಖ್ಯೆ ಬರುತ್ತದೆ.

ಉತ್ತರ: ಈ ಬಗೆಯ ದಿಕ್ಸೂಚಿಯಲ್ಲಿ ಹೆಚ್ಚಿನ ತಪ್ಪು ಹುಟ್ಟುವುದು ಇಲ್ಲೇ. ಮುಂಗೈಯನ್ನು ಎದೆಯ ಮುಂದೆ ಅಡ್ಡ ತಂದಾಗ ಗಾಜಿನ ಮೇಲಿನ ದಿಕ್ಕಿನ ಗೆರೆ ನೇರ ಮುಂದಕ್ಕೆ ನೋಡಬೇಕು. ಮುಂಗೈ ಎದೆಗೆ ಸಮಾನಾಂತರವಾಗಿರದೆ 10 ಡಿಗ್ರಿ ಓರೆಯಾದರೆ, ದಿಕ್ಸೂಚಿ ಎಷ್ಟೇ ಚೆನ್ನಾಗಿರಲಿ, ನಿಮ್ಮ ದಿಕ್ಕೂ 10 ಡಿಗ್ರಿ ಓರೆ. ಪಟ್ಟಿ ಸಡಿಲವಾಗಿ ದಿಕ್ಸೂಚಿ ಮಣಿಕಟ್ಟಿನ ಪಕ್ಕಕ್ಕೆ ಜಾರಿದರೂ ಕಥೆ ಅದೇ.

ಡೈವಿಂಗ್‌ನವರ ವಿಧಾನವನ್ನು ಕಲಿತುಕೊಳ್ಳಿ. ದಿಕ್ಸೂಚಿ ಎಡಗೈಯಲ್ಲಿದೆ ಎನ್ನೋಣ. ಬಲಗೈಯನ್ನು ಗುರಿಯತ್ತ ನೇರ ಚಾಚಿ. ಎಡಗೈಯನ್ನು ಅಡ್ಡ ತಂದು ಬಲ ಮೊಣಕೈಯನ್ನು ಹಿಡಿದುಕೊಳ್ಳಿ. ದಿಕ್ಸೂಚಿ ಈಗ ಮುಖದ ಮುಂದೆ ಬರುತ್ತದೆ, ದಿಕ್ಕಿನ ಗೆರೆ ಚಾಚಿದ ಕೈಗೆ ಸಮಾನಾಂತರವಾಗಿದೆಯೇ ಎಂದು ಒಂದೇ ನೋಟದಲ್ಲಿ ಗೊತ್ತಾಗುತ್ತದೆ. ಪ್ರತಿ ಸಲ ಇದೇ ಭಂಗಿಯಲ್ಲಿ ಓದಿದರೆ ಸಂಖ್ಯೆಗಳು ಹೊಂದುತ್ತವೆ. ಮಟ್ಟ ತಪ್ಪದಿರಲಿ. ನಡೆಯುತ್ತಾ ಓದಬೇಡಿ, ನಿಂತು ಮುಳ್ಳು ನೆಲೆಗೊಂಡ ಮೇಲೆ ಓದಿ.

ದಿಕ್ಕು ಹಿಡಿಯುವ ಕ್ರಮ ಹೀಗಿದೆ. ಗೆರೆಯನ್ನು ಗುರಿಗೆ ತಿರುಗಿಸಿ, ಬೆಜೆಲ್ಲಿನ ಗುರುತು ಮುಳ್ಳಿನ ಉತ್ತರ ತುದಿಗೆ ಬರುವಂತೆ ಹೊರಳಿಸಿ. ಆ ಮೇಲೆ ನಿಮ್ಮ ಕೆಲಸ ಮುಳ್ಳನ್ನು ಆ ಗುರುತಿನಲ್ಲಿ ಉಳಿಸಿಕೊಳ್ಳುವುದಷ್ಟೇ. ಮುಳ್ಳು ಗುರುತಿನಿಂದ ಗಡಿಯಾರದ ಚಲನೆಯ ಕಡೆ ಸರಿದಿದ್ದರೆ ನೀವೂ ಅದೇ ಕಡೆ ತಿರುಗಬೇಕು. ಆದರೆ ಮುಳ್ಳನ್ನೇ ನೋಡುತ್ತಾ ನಡೆದರೆ ಎಡವುತ್ತೀರಿ, ದಾರಿಯೂ ಸೊಟ್ಟಗಾಗುತ್ತದೆ. ಗೆರೆಯ ನೇರದಲ್ಲಿ ಒಂದು ಮರವನ್ನೋ ಬಂಡೆಯನ್ನೋ ಗುರುತಿಸಿ, ಅಲ್ಲಿಗೆ ಹೋಗಿ ಮತ್ತೆ ಓದಿ, ಮುಂದಿನದನ್ನು ಗುರುತಿಸಿ. ಬಂದ ದಾರಿಯಲ್ಲಿ ಮರಳುವಾಗ 180 ಕೂಡಿಸುವ ಗೊಡವೆ ಬೇಡ. ಬೆಜೆಲ್ ಹಾಗೇ ಇರಲಿ, ಗುರುತಿಗೆ ಮುಳ್ಳಿನ ದಕ್ಷಿಣ ತುದಿಯನ್ನು ತನ್ನಿ.

ಎಷ್ಟು ಜಾಗ್ರತೆ ವಹಿಸಿದರೂ 5 ಡಿಗ್ರಿ ಆಚೀಚೆ ಆಗುತ್ತದೆ ಎಂದೇ ಯೋಜಿಸಿ. 2 ಕಿಲೋಮೀಟರ್ ಮುಂದೆ ಅಡ್ಡ ಹರಿಯುವ ಹೊಳೆಯ ಮೇಲಿನ ಸೇತುವೆಗೆ ನೇರ ಗುರಿಯಿಟ್ಟರೆ, ಹೊಳೆ ಮುಟ್ಟಿದಾಗ ಸೇತುವೆ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯುವುದಿಲ್ಲ. ಬೇಕೆಂದೇ 10 ಡಿಗ್ರಿ ಎಡಕ್ಕೆ ಹೋಗಿ. ಸೇತುವೆಯಿಂದ ಸುಮಾರು 175ರಿಂದ 535 ಮೀಟರ್ ಎಡಕ್ಕೆ ಹೊಳೆ ಸಿಗುತ್ತದೆ; ಅಲ್ಲಿಂದ ಬಲಕ್ಕೆ ತಿರುಗಿದರೆ ಸೇತುವೆ ಖಂಡಿತ.

ಪ್ರಶ್ನೆ: ನಕ್ಷೆಯ ಉತ್ತರ, ದಿಕ್ಸೂಚಿಯ ಉತ್ತರ ಬೇರೆಯೆನ್ನುತ್ತಾರೆ. ಇಷ್ಟು ಚಿಕ್ಕ ಸಾಧನಕ್ಕೂ ಆ ಲೆಕ್ಕ ಬೇಕೇ?

ಉತ್ತರ: ನೀವಿರುವ ಜಾಗದ ಮೇಲೆ ಹೋಗುತ್ತದೆ. ವ್ಯತ್ಯಾಸ 1–2 ಡಿಗ್ರಿ ಇದ್ದರೆ ಬಿಟ್ಟುಬಿಡಿ, 5 ಡಿಗ್ರಿಯ ಗೀಟಿನಲ್ಲಿ ಅದನ್ನು ಓದಲೂ ಆಗುವುದಿಲ್ಲ. ಆದರೆ ನ್ಯೂಜಿಲೆಂಡ್‌ನಂಥ ಕಡೆ ಅದು 20 ಡಿಗ್ರಿ ಪೂರ್ವದ ಆಸುಪಾಸಿನಲ್ಲಿದೆ, ಅಂದರೆ ದಿಕ್ಸೂಚಿಯ ಉತ್ತರ ನಕ್ಷೆಯ ಉತ್ತರಕ್ಕಿಂತ ಅಷ್ಟು ಪೂರ್ವಕ್ಕಿದೆ. ಲೆಕ್ಕ ಬಿಟ್ಟರೆ ಕಿಲೋಮೀಟರಿಗೆ ಸುಮಾರು 350 ಮೀಟರ್ ತಪ್ಪುತ್ತದೆ. ನಕ್ಷೆಯಲ್ಲಿ 60 ಡಿಗ್ರಿ ಬಂದಿದೆ, ವ್ಯತ್ಯಾಸ 8 ಡಿಗ್ರಿ ಪಶ್ಚಿಮ ಎಂದರೆ ದಿಕ್ಸೂಚಿಯಲ್ಲಿ 68 ಹಿಡಿಯಿರಿ. 8 ಡಿಗ್ರಿ ಪೂರ್ವವಾದರೆ 52. ಹಳೆಯ ನಕ್ಷೆಯ ಅಂಚಿನಲ್ಲಿ ಅಚ್ಚಾದ ಅಂಕಿ ಈಗ ಸರಿಯಿರಲಾರದು, ಕಾಂತಕ್ಷೇತ್ರ ಸರಿಯುತ್ತಲೇ ಇರುತ್ತದೆ. ಆ ಕಾರಣಕ್ಕೇ ವಿಶ್ವ ಕಾಂತೀಯ ಮಾದರಿಯನ್ನು (ಇಡೀ ಭೂಮಿಯ ಕಾಂತಕ್ಷೇತ್ರದ ಲೆಕ್ಕ) 5 ವರ್ಷಕ್ಕೊಮ್ಮೆ ಹೊಸದಾಗಿ ಲೆಕ್ಕ ಹಾಕುತ್ತಾರೆ, ಈಗಿನದು 2025ರದು. ಡಿಜಿಟಲ್ ವಾಚಿನಲ್ಲಿ ಈ ವ್ಯತ್ಯಾಸವನ್ನು ಮೊದಲೇ ತುಂಬಿಸಿದ್ದರೆ ಮತ್ತೆ ಕೈಲೆಕ್ಕ ಮಾಡಬೇಡಿ, ಎರಡು ಸಲ ತಿದ್ದಿದಂತಾಗುತ್ತದೆ.

ಪ್ರಶ್ನೆ: ನೆಲದಡಿಯ ರೈಲು ನಿಲ್ದಾಣದಿಂದ ಮೇಲೆ ಬಂದಾಗ ದಿಕ್ಕೇ ತಿಳಿಯುವುದಿಲ್ಲ. ಅಲ್ಲಿ ಇದು ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ಬಹಳ ಚೆನ್ನಾಗಿ ಬರುತ್ತದೆ, ಆದರೆ ಕೆಳಗೆ ಓದಬೇಡಿ. ಕಾಂಕ್ರೀಟಿನೊಳಗಿನ ಕಂಬಿ, ಹಳಿಗಳ ವಿದ್ಯುತ್ತು ಎರಡೂ ಮುಳ್ಳನ್ನು ಎತ್ತಲೋ ಎಳೆಯುತ್ತವೆ. ಮೇಲೆ ಬಂದು ಕಟ್ಟಡ, ಕಂಬ, ನಿಂತ ವಾಹನಗಳಿಂದ ದೂರ ಸರಿದು ಓದಿ. ಹತ್ತು ಹೆಜ್ಜೆ ಮುಂದೆ ಹೋಗಿ ಇನ್ನೊಮ್ಮೆ ಓದಿ. ಎರಡೂ ಹೊಂದಿದರೆ ಮಾತ್ರ ನಂಬಿ. ಕಾರಿನೊಳಗೆ ಇದರ ಗೊಡವೆಯೇ ಬೇಡ.

ಪ್ರಶ್ನೆ: ಬೆಟ್ಟದ ಮೇಲೆ ಕ್ಯಾಪ್ಸೂಲಿನೊಳಗೆ ಗುಳ್ಳೆ ಕಾಣಿಸಿಕೊಂಡಿತು.

ಉತ್ತರ: ಚಳಿಗೆ ಒಳಗಿನ ದ್ರವ ಕುಗ್ಗುತ್ತದೆ, ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಸಣ್ಣ ಗುಳ್ಳೆ ಬರುವುದು ಸಹಜ. ಕೆಳಗಿಳಿದು ಬೆಚ್ಚಗಾದ ಮೇಲೆ ಮಾಯವಾದರೆ ಸರಿ. ಉಳಿದುಕೊಂಡು ದಿನೇದಿನೇ ಬೆಳೆಯುತ್ತಿದ್ದರೆ ಸೋರಿಕೆಯಿದೆ. ಮುಳ್ಳಿಗೆ ತಗುಲಿ ತಡೆಯುವ ಮೊದಲೇ ಬದಲಿಸಿ.

ಪ್ರಶ್ನೆ: ಮುಳ್ಳಿನ ಕೆಂಪು ತುದಿ ಈಗ ದಕ್ಷಿಣ ತೋರಿಸುತ್ತಿದೆ!

ಉತ್ತರ: ಮೊಬೈಲ್, ಸ್ಪೀಕರ್, ಅಯಸ್ಕಾಂತದ ಚಾರ್ಜರ್ ಇಂಥದ್ದರ ಪಕ್ಕ ಇಟ್ಟಾಗ ಮುಳ್ಳಿನ ಧ್ರುವ ಅದಲುಬದಲಾಗಬಹುದು. ಇದು ಅಪಾಯಕಾರಿ ದೋಷ. ಮುಳ್ಳು ಸರಾಗವಾಗಿಯೇ ತಿರುಗುವುದರಿಂದ ಅನುಮಾನ ಬರುವುದಿಲ್ಲ. ಹೊರಡುವ ಮುನ್ನ ಉದಯಿಸುವ ಸೂರ್ಯನನ್ನೋ ಗೊತ್ತಿರುವ ರಸ್ತೆಯನ್ನೋ ನೋಡಿ ಒಮ್ಮೆ ತಾಳೆ ಹಾಕಿ.

ಸರಿಪಡಿಸಲು ಒಂದು ಬಲವಾದ ಅಯಸ್ಕಾಂತ ಬೇಕು. ಸರಿಯಿರುವ ಇನ್ನೊಂದು ದಿಕ್ಸೂಚಿಯ ಉತ್ತರ ತುದಿಯನ್ನು ತನ್ನತ್ತ ಸೆಳೆಯುವುದೇ ಅಯಸ್ಕಾಂತದ ದಕ್ಷಿಣ ಧ್ರುವ. ಆ ಧ್ರುವವನ್ನು ಕ್ಯಾಪ್ಸೂಲಿನ ನಡುವೆ ಗಾಜಿಗೆ ತಾಗಿಸಿ, ಕೆಂಪು ತುದಿಯ ಕಡೆಗೆ ನೇರ ಎಳೆದು ಅಂಚಿನಾಚೆ ಒಯ್ಯಿರಿ; ಎತ್ತಿ, ಮತ್ತೆ ನಡುವಿನಿಂದ. ಮುಳ್ಳು ಹೊರಳಿ ತಪ್ಪಿಸಿಕೊಳ್ಳಲು ನೋಡುತ್ತದೆ, ಆದ್ದರಿಂದ ಎಳೆತ ಚುರುಕಾಗಿರಲಿ. ನಾಲ್ಕಾರು ಸಲ ಮಾಡಿ, ಅಯಸ್ಕಾಂತವನ್ನು ದೂರವಿಟ್ಟು ನೋಡಿ. ಕೆಂಪು ತುದಿ ಉತ್ತರಕ್ಕೆ ಬಂದರೂ ಮೇಲೆ ಹೇಳಿದ ಬೀಗದ ಕೈ ಪರೀಕ್ಷೆಯನ್ನು ಮಾಡಿ. ಮುಳ್ಳು ನಿಧಾನವಾಗಿ ಮರಳಿದರೆ, ಅಥವಾ ಎರಡು ಕಡೆಯಿಂದ ಬಂದಾಗ ಎರಡು ಜಾಗದಲ್ಲಿ ನಿಂತರೆ ಕಾಂತತ್ವ ಅರೆಬರೆ ಮರಳಿದೆ ಎಂದರ್ಥ. ಅಂಥದ್ದನ್ನು ಊರಿನ ಓಡಾಟಕ್ಕೆ ಇಟ್ಟುಕೊಂಡು, ಕಾಡಿಗೆ ಬೇರೆಯದನ್ನು ಕೊಳ್ಳಿ.